ಅನಪೇಕ್ಷಿತ ಸ್ವಯಂಚಾಲಿತ ಕರೆಗಳ ನಿಯಂತ್ರಣ ಕಾನೂನುಗಳು

ಮನುಷ್ಯರ ಬದಲು ಕಂಪ್ಯೂಟರೇ ದೂರವಾಣಿ ಸಂಖ್ಯೆಗಳನ್ನು ಒತ್ತಿ, ಮೊದಲೇ ಮುದ್ರಿಸಿಟ್ಟ ಅಥವಾ ಯಂತ್ರವೇ ಹುಟ್ಟಿಸಿದ ಧ್ವನಿಯನ್ನು ಕೇಳಿಸುವ ಕರೆಗೆ ಸ್ವಯಂಚಾಲಿತ ಕರೆ ಅಥವಾ ರೋಬೊಕಾಲ್ ಎಂದು ಹೆಸರು. ಚಂಡಮಾರುತದ ಮುನ್ನೆಚ್ಚರಿಕೆ, ಶಾಲೆಗೆ ದಿಢೀರ್ ರಜೆ, ವಿಮಾನ ತಡವಾದ ಸುದ್ದಿ, ಆಸ್ಪತ್ರೆಗೆ ಹೋಗಬೇಕಾದ ದಿನದ ನೆನಪು ಇವೆಲ್ಲ ಬರುವುದೂ ಇಂಥ ಕರೆಗಳ ಮೂಲಕವೇ. ಕಾನೂನಿನ ತಕರಾರು ಅವುಗಳ ಮೇಲಲ್ಲ. ಯಾರೂ ಕೇಳದಿದ್ದರೂ ಮನೆಯೊಳಗೆ ನುಗ್ಗಿ ಸಾಲ, ಸೈಟು, ವಿಮೆ ಮಾರುವ, ಇಲ್ಲವೇ ಸರ್ಕಾರದ ಹೆಸರು ಹೇಳಿ ಹೆದರಿಸಿ ಹಣ ಕೀಳುವ ಕರೆಗಳ ಮೇಲೆ. ಇವುಗಳನ್ನು ತಡೆಯಲು ಅಮೆರಿಕ ಸಂಯುಕ್ತ ಸಂಸ್ಥಾನ 1991ರಲ್ಲಿ ಮಾಡಿದ ಕಾನೂನು ಈ ಕ್ಷೇತ್ರದ ಮೂಲಪಠ್ಯದಂತಿದೆ. ಭಾರತವೂ ಸೇರಿದಂತೆ ಹಲವು ದೇಶಗಳು ಮುಂದೆ ತಮ್ಮದೇ ದಾರಿ ಹಿಡಿದವು.

ಈ ಕಾನೂನುಗಳ ಚರಿತ್ರೆಯನ್ನು ಒಂದೇ ಪ್ರಶ್ನೆಯ ಸುತ್ತ ಓದಬಹುದು: ಕರೆ ಬಾರದಂತೆ ನೋಡಿಕೊಳ್ಳುವ ಹೊರೆ ಯಾರದು? ಮೊದಲು ಅದು ಕರೆ ಸ್ವೀಕರಿಸುವವರ ಮೇಲಿತ್ತು. ಬೇಡವೆಂದು ಅವರೇ ಹೇಳಬೇಕಿತ್ತು, ಅವರೇ ಪಟ್ಟಿಗೆ ಹೆಸರು ಸೇರಿಸಬೇಕಿತ್ತು. ನಂತರ ಕರೆ ಮಾಡುವವರ ಮೇಲೆ ಬಂತು. ಮೊದಲು ಒಪ್ಪಿಗೆ ಪಡೆ, ಆಮೇಲೆ ಮಾತನಾಡು ಎಂದಾಯಿತು. ಕೊನೆಗೆ ಕರೆಯನ್ನು ಸಾಗಿಸುವ ದೂರಸಂಪರ್ಕ ಕಂಪನಿಗಳ ಮೇಲೂ ಬಿತ್ತು. ಈ ಹೊರೆ ಬಳಕೆದಾರರ ಹೆಗಲಿನಿಂದ ಎಷ್ಟು ದೂರ ಸರಿದಿದೆಯೋ ಕಾನೂನು ಅಷ್ಟು ಕೆಲಸ ಮಾಡಿದೆ ಎಂಬುದು ಮೂರೂವರೆ ದಶಕಗಳ ಅನುಭವ.

ಯಂತ್ರದ ಲೆಕ್ಕಾಚಾರ

ಟೆಲಿಮಾರ್ಕೆಟಿಂಗ್ ಕೇಂದ್ರದಲ್ಲಿ ಕುಳಿತ ಉದ್ಯೋಗಿ ಒಂದೊಂದೇ ಸಂಖ್ಯೆ ಒತ್ತುತ್ತ ಹೋದರೆ ಹೆಚ್ಚಿನ ಸಮಯ ಗಂಟೆ ಬಾರಿಸುವುದರಲ್ಲೇ ಕಳೆದುಹೋಗುತ್ತದೆ. ಕೆಲವರು ಮನೆಯಲ್ಲಿರುವುದಿಲ್ಲ, ಕೆಲವರು ಎತ್ತುವುದಿಲ್ಲ. ಈ ನಷ್ಟ ತಪ್ಪಿಸಲು ಬಂದದ್ದು ಪ್ರೆಡಿಕ್ಟಿವ್ ಡಯಲರ್ ಎಂಬ ಯಂತ್ರ. ಎಷ್ಟು ಜನ ಕರೆ ಎತ್ತಬಹುದು, ಈಗ ಮಾತನಾಡುತ್ತಿರುವ ಉದ್ಯೋಗಿ ಯಾವಾಗ ಬಿಡುವಾಗಬಹುದು ಎಂದು ಅದು ಅಂದಾಜು ಮಾಡಿ, ಇರುವ ಉದ್ಯೋಗಿಗಳಿಗಿಂತ ಹೆಚ್ಚು ಸಂಖ್ಯೆಗಳಿಗೆ ಒಟ್ಟಿಗೆ ಕರೆ ಹಚ್ಚುತ್ತದೆ. ಅಂದಾಜು ತಪ್ಪಿದಾಗ ಕರೆ ಎತ್ತಿದವರಿಗೆ ಆ ಕಡೆಯಿಂದ ಯಾರೂ ಸಿಗುವುದಿಲ್ಲ. ‘ಹಲೋ, ಹಲೋ’ ಎಂದರೂ ಉತ್ತರವಿಲ್ಲದ ಮೌನ ಕರೆಗಳು ಹುಟ್ಟುವುದು ಹೀಗೆ. ಒಂಟಿಯಾಗಿರುವ ವೃದ್ಧರಿಗೆ ಈ ಮೌನ ಎಷ್ಟು ಭಯ ತರುತ್ತದೆಂಬುದನ್ನು ಕಾನೂನು ರೂಪಿಸುವವರು ತಡವಾಗಿ ಗಮನಿಸಿದರು. ಅಮೆರಿಕದ ನಿಯಮದ ಪ್ರಕಾರ, ಜನ ಎತ್ತಿದ ಮಾರಾಟ ಕರೆಗಳಲ್ಲಿ ಹೀಗೆ ಕೈಬಿಟ್ಟವು ಶೇ 3 ಮೀರುವಂತಿಲ್ಲ. ಎತ್ತಿದವರು ಮಾತು ಮುಗಿಸಿದ 2 ಸೆಕೆಂಡಿನೊಳಗೆ ಒಬ್ಬ ಮನುಷ್ಯ ಸಿಗಬೇಕು.

ಧ್ವನಿಮುದ್ರಿತ ಕರೆಗೆ ಈ ತೊಡಕೂ ಇಲ್ಲ, ಏಕೆಂದರೆ ಅಲ್ಲಿ ಉದ್ಯೋಗಿಯೇ ಬೇಕಾಗಿಲ್ಲ. ಇಂಟರ್ನೆಟ್ ಮೂಲಕ ಕರೆ ಸಾಗಿಸುವ ತಂತ್ರಜ್ಞಾನ ಬಂದ ಮೇಲೆ ಒಂದು ಕರೆಯ ವೆಚ್ಚ ಪುಡಿಗಾಸಿಗೆ ಇಳಿಯಿತು. ಲಕ್ಷ ಜನರಲ್ಲಿ ಕೆಲವೇ ಮಂದಿ ನಂಬಿದರೂ ವಂಚಕರಿಗೆ ಲಾಭವೇ. ಇದೇ ತಂತ್ರಜ್ಞಾನ ಇನ್ನೊಂದು ಬಾಗಿಲನ್ನೂ ತೆರೆಯಿತು: ಪರದೆಯ ಮೇಲೆ ಯಾವ ಸಂಖ್ಯೆ ಕಾಣಬೇಕೆಂಬುದನ್ನು ಕರೆ ಮಾಡುವವರೇ ತುಂಬಬಹುದಾಯಿತು. ಸ್ವೀಕರಿಸುವವರ ಸಂಖ್ಯೆಯ ಮೊದಲ ಅಂಕಿಗಳನ್ನೇ ಹೋಲುವ ಸಂಖ್ಯೆ ತೋರಿಸಿ, ಊರಿನವರೇ ಯಾರೋ ಕರೆಯುತ್ತಿದ್ದಾರೆಂದು ನಂಬಿಸುವ ಚಾಳಿ ಅಮೆರಿಕದಲ್ಲಿ ವ್ಯಾಪಕವಾಯಿತು. ಹಾಗೆ ಕದ್ದ ಸಂಖ್ಯೆಯ ನಿಜವಾದ ಒಡೆಯರಿಗೆ ಅಪರಿಚಿತರು ತಿರುಗಿ ಕರೆ ಮಾಡಿ ಬೈಯುವುದೂ ನಡೆಯುತ್ತದೆ.

1991ರ ಕಾಯ್ದೆ

ಟೆಲಿಫೋನ್ ಗ್ರಾಹಕ ಸಂರಕ್ಷಣಾ ಕಾಯ್ದೆಗೆ (ಟಿಸಿಪಿಎ) ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ 1991ರ ಡಿಸೆಂಬರ್ 20ರಂದು ಸಹಿ ಹಾಕಿದರು. 1934ರ ಸಂಪರ್ಕ ಕಾಯ್ದೆಗೆ ಸೇರಿಸಿದ ಒಂದು ಪ್ರಕರಣ ಅದು. ಇದರ ಹಿಂದೆ ನಿಂತವರು ಸೌತ್ ಕರೋಲಿನಾದ ಸೆನೆಟರ್ ಅರ್ನೆಸ್ಟ್ ಹಾಲಿಂಗ್ಸ್. ಕಂಪ್ಯೂಟರ್ ಕರೆಗಳು ಬೆಳಿಗ್ಗೆ ನಿದ್ದೆ ಕೆಡಿಸುತ್ತವೆ, ರಾತ್ರಿ ಊಟಕ್ಕೆ ಅಡ್ಡಬರುತ್ತವೆ, ರೋಗಿಗಳನ್ನೂ ಮುದುಕರನ್ನೂ ಹಾಸಿಗೆಯಿಂದ ಎಬ್ಬಿಸುತ್ತವೆ ಎಂದು ಅವರು ಸೆನೆಟ್‌ನಲ್ಲಿ ಹೇಳಿದ ಮಾತನ್ನು ಅಮೆರಿಕದ ನ್ಯಾಯಾಲಯಗಳು ಇಂದಿಗೂ ತಮ್ಮ ತೀರ್ಪುಗಳಲ್ಲಿ ನೆನೆಯುತ್ತವೆ. ಕಾಯ್ದೆಯ ಪೀಠಿಕೆಯಲ್ಲೇ ಆಗಿನ ಲೆಕ್ಕ ಇದೆ: 30,000ಕ್ಕೂ ಹೆಚ್ಚು ಉದ್ಯಮಗಳು ಫೋನಿನ ಮೂಲಕ ಮಾರಾಟಕ್ಕೆ ಇಳಿದಿದ್ದವು, 3 ಲಕ್ಷಕ್ಕೂ ಮೀರಿದ ಮಾರಾಟಗಾರರು ದಿನಕ್ಕೆ 1 ಕೋಟಿ 80 ಲಕ್ಷಕ್ಕಿಂತ ಹೆಚ್ಚು ಅಮೆರಿಕನ್ನರಿಗೆ ಕರೆ ಮಾಡುತ್ತಿದ್ದರು, 1990ರಲ್ಲಿ ಈ ದಾರಿಯ ವಹಿವಾಟು 43,500 ಕೋಟಿ ಡಾಲರ್.

ಕಾಯ್ದೆ ಮುಖ್ಯವಾಗಿ ಎರಡು ವಿಧದ ಕರೆಗಳನ್ನು ಹಿಡಿಯಿತು. ಸ್ವಯಂಚಾಲಿತ ಡಯಲಿಂಗ್ ವ್ಯವಸ್ಥೆಯಿಂದಾಗಲಿ, ಕೃತಕ ಅಥವಾ ಮುದ್ರಿತ ಧ್ವನಿಯಿಂದಾಗಲಿ ಮೊಬೈಲ್ ಫೋನಿಗೆ, ಆಸ್ಪತ್ರೆಯ ರೋಗಿಯ ಕೋಣೆಗೆ, ತುರ್ತುಸೇವೆಯ ಸಂಖ್ಯೆಗಳಿಗೆ ಮುಂಚಿತ ಒಪ್ಪಿಗೆಯಿಲ್ಲದೆ ಕರೆ ಮಾಡಬಾರದು. ಮನೆಯ ಸ್ಥಿರ ದೂರವಾಣಿಗೆ ಮುದ್ರಿತ ಧ್ವನಿಯ ಕರೆಗೂ ಇದೇ ನಿರ್ಬಂಧ, ಕೆಲವು ವಿನಾಯಿತಿಗಳೊಡನೆ. ಬೇಡದ ಜಾಹೀರಾತು ಫ್ಯಾಕ್ಸುಗಳನ್ನೂ ಅದು ನಿಷೇಧಿಸಿತು. ವಿವರಗಳನ್ನು ರೂಪಿಸುವ ಅಧಿಕಾರ ಫೆಡರಲ್ ಸಂಪರ್ಕ ಆಯೋಗಕ್ಕೆ (ಎಫ್‌ಸಿಸಿ) ಸಿಕ್ಕಿತು. ಬೆಳಿಗ್ಗೆ 8ಕ್ಕೆ ಮೊದಲು, ರಾತ್ರಿ 9ರ ನಂತರ ಮನೆಗಳಿಗೆ ಮಾರಾಟದ ಕರೆ ಮಾಡಬಾರದೆಂಬ ನಿಯಮ ಬಂದದ್ದು ಆ ಆಯೋಗದಿಂದ.

ಈ ಕಾಯ್ದೆಯ ಅಸಲಿ ಶಕ್ತಿ ಇರುವುದು ಬೇರೆಡೆ. ನಿಯಮ ಮೀರಿದ ಪ್ರತಿ ಕರೆಗೂ 500 ಡಾಲರ್ ಪರಿಹಾರ ಕೇಳಿ ಕರೆ ಸ್ವೀಕರಿಸಿದ ವ್ಯಕ್ತಿಯೇ ನ್ಯಾಯಾಲಯಕ್ಕೆ ಹೋಗಬಹುದು. ತಿಳಿದೂ ತಿಳಿದೂ ಮಾಡಿದ್ದಾದರೆ ನ್ಯಾಯಾಧೀಶರು ಅದನ್ನು 1,500 ಡಾಲರಿಗೆ ಏರಿಸಬಹುದು. ನಷ್ಟ ಎಷ್ಟಾಯಿತೆಂದು ರಸೀದಿ ತೋರಿಸಬೇಕಾಗಿಲ್ಲ. ನಾಗರಿಕರು ತಮ್ಮೂರಿನ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ವಕೀಲರಿಲ್ಲದೆಯೇ ವಾದಿಸಲಿ ಎಂಬುದು ಹಾಲಿಂಗ್ಸ್ ಅವರ ಆಶಯವಾಗಿತ್ತು. ಫೆಡರಲ್ ನ್ಯಾಯಾಲಯಗಳಲ್ಲೂ ಇಂಥ ದಾವೆ ಹೂಡಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾವಿರಾರು ಜನರ ಪರವಾಗಿ ಒಬ್ಬರು ಹೂಡುವ ಸಾಮೂಹಿಕ ದಾವೆಗಳು ಬೆಳೆದಂತೆ ಈ 500 ಡಾಲರ್ ದೊಡ್ಡ ಕಂಪನಿಗಳನ್ನೂ ನಡುಗಿಸುವ ಮೊತ್ತವಾಯಿತು. ಸುಮಾರು 18.5 ಲಕ್ಷ ಕರೆಗಳ ಒಂದು ಪ್ರಕರಣದಲ್ಲಿ 2019ರಲ್ಲಿ 92.5 ಕೋಟಿ ಡಾಲರಿನ ಹೊಣೆ ನಿಗದಿಯಾಯಿತು. ಇಷ್ಟು ದೊಡ್ಡ ಮೊತ್ತ ಸಂವಿಧಾನಕ್ಕೆ ಒಪ್ಪುವಂಥದೇ ಎಂದು ಮರುಪರಿಶೀಲಿಸುವಂತೆ ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಸೂಚಿಸಿತು. ವಕೀಲರು ಇದನ್ನೊಂದು ದಂಧೆ ಮಾಡಿಕೊಂಡಿದ್ದಾರೆಂಬ ಉದ್ಯಮಗಳ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಈ ಹಕ್ಕು ಇಲ್ಲದಿದ್ದರೆ ಹೆಸರುವಾಸಿ ಬ್ಯಾಂಕುಗಳೂ ಟಿವಿ ಕಂಪನಿಗಳೂ ತಮ್ಮ ಡಯಲರ್‌ಗಳನ್ನು ತಿದ್ದಿಕೊಳ್ಳುತ್ತಿದ್ದವೆಂದು ನಂಬುವುದು ಕಷ್ಟ.

‘ಕರೆಯಬೇಡಿ’ ಪಟ್ಟಿ

1991ರ ಕಾಯ್ದೆ ರಾಷ್ಟ್ರಮಟ್ಟದ ನಿರಾಕರಣೆ ಪಟ್ಟಿಗೆ ಅವಕಾಶ ಕೊಟ್ಟಿದ್ದರೂ ಆಯೋಗ ಆಗ ಅದನ್ನು ಮಾಡಲಿಲ್ಲ. ಪ್ರತಿ ಕಂಪನಿಯೂ ತನ್ನದೇ ಪಟ್ಟಿ ಇಟ್ಟುಕೊಳ್ಳಲಿ ಎಂದಿತು. ಅಂದರೆ ಹತ್ತು ಕಂಪನಿಗಳಿಂದ ಕಿರಿಕಿರಿಯಾದರೆ ಹತ್ತು ಸಲ ಬೇಡವೆನ್ನಬೇಕು. ಒಂದು ದಶಕ ಜನ ಹೀಗೇ ಸಹಿಸಿಕೊಂಡರು. ಕೊನೆಗೆ ಹೆಜ್ಜೆ ಇಟ್ಟದ್ದು ಇನ್ನೊಂದು ಸಂಸ್ಥೆಯಾದ ಫೆಡರಲ್ ವ್ಯಾಪಾರ ಆಯೋಗ (ಎಫ್‌ಟಿಸಿ). 1995ರ ತನ್ನ ಟೆಲಿಮಾರ್ಕೆಟಿಂಗ್ ನಿಯಮಗಳನ್ನು 2003ರಲ್ಲಿ ತಿದ್ದಿ ಅದು ರಾಷ್ಟ್ರೀಯ ‘ಕರೆಯಬೇಡಿ’ ಪಟ್ಟಿಯನ್ನು ತಂದಿತು. 2003ರ ಜೂನ್ 27ರಂದು ನೋಂದಣಿ ತೆರೆಯಿತು. ಅಕ್ಟೋಬರ್ ಬರುವಷ್ಟರಲ್ಲಿ 5 ಕೋಟಿಗೂ ಹೆಚ್ಚು ಸಂಖ್ಯೆಗಳು ಸೇರಿದ್ದವು.

ಆ ಸೆಪ್ಟೆಂಬರಿನ ಕೊನೆಯ ವಾರ ನಡೆದದ್ದು ಅಮೆರಿಕದ ಶಾಸನ ಚರಿತ್ರೆಯಲ್ಲೇ ಅಪರೂಪ. ಪಟ್ಟಿ ಜಾರಿಯಾಗಬೇಕಿದ್ದದ್ದು ಅಕ್ಟೋಬರ್ 1ಕ್ಕೆ. ಸೆಪ್ಟೆಂಬರ್ 23ರಂದು ಓಕ್ಲಹೋಮಾದ ಫೆಡರಲ್ ನ್ಯಾಯಾಧೀಶರು, ಇಂಥ ಪಟ್ಟಿ ಮಾಡಲು ವ್ಯಾಪಾರ ಆಯೋಗಕ್ಕೆ ಅಧಿಕಾರವಿಲ್ಲ ಎಂದು ತೀರ್ಪಿತ್ತರು. ಎರಡೇ ದಿನದಲ್ಲಿ ಸಂಸತ್ತಿನ ಎರಡೂ ಸದನಗಳು ಆ ಅಧಿಕಾರವನ್ನು ಸ್ಪಷ್ಟವಾಗಿ ಕೊಡುವ ಮಸೂದೆಯನ್ನು ಅಂಗೀಕರಿಸಿದವು. ಕೆಳಮನೆಯಲ್ಲಿ 412–8, ಸೆನೆಟ್‌ನಲ್ಲಿ 95–0. ಅದೇ ದಿನ ಕೊಲರಾಡೊದ ಇನ್ನೊಬ್ಬ ನ್ಯಾಯಾಧೀಶರು ಬೇರೆ ಆಧಾರದ ಮೇಲೆ ಪಟ್ಟಿಯನ್ನು ತಡೆದರು: ದತ್ತಿ ಸಂಸ್ಥೆಗಳ ಕರೆಗೆ ವಿನಾಯಿತಿ ಕೊಟ್ಟು ವ್ಯಾಪಾರದ ಕರೆಯನ್ನು ಮಾತ್ರ ತಡೆಯುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸೆಪ್ಟೆಂಬರ್ 29ರಂದು ಮಸೂದೆಗೆ ಸಹಿ ಹಾಕಿದರು. ಕೊಲರಾಡೊ ತೀರ್ಪನ್ನು ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2004ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಕೇಳಲು ಇಷ್ಟವಿಲ್ಲದವರ ಮನೆಯ ಬಾಗಿಲಲ್ಲಿ ಮಾರಾಟದ ಮಾತಿನ ಹಕ್ಕು ನಿಲ್ಲುತ್ತದೆ ಎಂಬ ನಿಲುವು ಅಲ್ಲಿಂದ ಗಟ್ಟಿಯಾಯಿತು.

ಪಟ್ಟಿಯಲ್ಲಿ ಈಗ 24 ಕೋಟಿಗೂ ಹೆಚ್ಚು ಸಂಖ್ಯೆಗಳಿವೆ. ಮೊದಲು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಿತ್ತು. 2008ರಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಶಾಶ್ವತಗೊಳಿಸಿತು. ಮಾರಾಟಗಾರರು 31 ದಿನಕ್ಕೊಮ್ಮೆಯಾದರೂ ತಮ್ಮ ಪಟ್ಟಿಯನ್ನು ಇದರೊಂದಿಗೆ ತಾಳೆ ನೋಡಬೇಕು. ತಪ್ಪಿದರೆ ಪ್ರತಿ ಉಲ್ಲಂಘನೆಗೆ ವಿಧಿಸಬಹುದಾದ ದಂಡ ಈಗ 50 ಸಾವಿರ ಡಾಲರ್ ಮೀರಿದೆ. ರಾಜಕೀಯ ಪಕ್ಷ, ದತ್ತಿ ಸಂಸ್ಥೆ, ಸಮೀಕ್ಷೆಯವರಿಗೆ ಪಟ್ಟಿ ಅನ್ವಯಿಸುವುದಿಲ್ಲ. ಶಾಸಕರು ತಮ್ಮ ಪಕ್ಷಗಳಿಗೆ ತಾವೇ ಬಿಟ್ಟುಕೊಂಡ ಈ ಕಿಂಡಿಗೆ ವಾಕ್ ಸ್ವಾತಂತ್ರ್ಯದ ಸಮರ್ಥನೆ ಇದೆ. ಚುನಾವಣೆಯ ಹೊತ್ತಿನಲ್ಲಿ ಫೋನ್ ಎತ್ತುವವರಿಗೆ ಮಾತ್ರ ಅದು ಸಮಾಧಾನ ತಂದಿಲ್ಲ.

ಪಟ್ಟಿಯ ದೊಡ್ಡ ದೌರ್ಬಲ್ಯ ಇರುವುದು ಅದರ ಸ್ವಭಾವದಲ್ಲೇ. ಕಾನೂನಿಗೆ ಹೆದರುವ ವ್ಯಾಪಾರಿ ಪಟ್ಟಿ ನೋಡಿ ಹಿಂದೆ ಸರಿಯುತ್ತಾನೆ. ವಂಚಕ ಪಟ್ಟಿಯನ್ನೇ ನೋಡುವುದಿಲ್ಲ. ಹಾಗಾಗಿ 2009ರ ಸೆಪ್ಟೆಂಬರ್ 1ರಿಂದ ಎಫ್‌ಟಿಸಿ, ಲಿಖಿತ ಒಪ್ಪಿಗೆ ಇಲ್ಲದ ಮುದ್ರಿತ ಮಾರಾಟ ಕರೆಗಳನ್ನು, ಸಂಖ್ಯೆ ಪಟ್ಟಿಯಲ್ಲಿರಲಿ ಬಿಡಲಿ, ನಿಷೇಧಿಸಿತು. 2013ರ ಅಕ್ಟೋಬರಿನಿಂದ ಎಫ್‌ಸಿಸಿಯೂ ಲಿಖಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿತು. ಹೊರೆ ಕರೆ ಮಾಡುವವರ ಕಡೆಗೆ ಹೊರಳಿದ್ದು ಇಲ್ಲಿ.

‘ಸ್ವಯಂಚಾಲಿತ’ ಎಂದರೆ ಯಾವುದು

ಕಾಯ್ದೆಯ ಒಂದು ವಾಕ್ಯದ ಸುತ್ತ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ‘ಮನಬಂದ ಅಥವಾ ಅನುಕ್ರಮ ಸಂಖ್ಯಾಜನಕವನ್ನು ಬಳಸಿ’ ಸಂಖ್ಯೆಗಳನ್ನು ಕೂಡಿಡುವ ಅಥವಾ ಹುಟ್ಟಿಸುವ ಸಾಮರ್ಥ್ಯವುಳ್ಳ ಉಪಕರಣವೇ ಸ್ವಯಂಚಾಲಿತ ಡಯಲರ್ ಎಂದು 1991ರ ವ್ಯಾಖ್ಯೆ. ಆ ಕಾಲದ ಯಂತ್ರಗಳು ನಿಜವಾಗಿಯೂ ಹಾಗೆ ಸಂಖ್ಯೆ ಹುಟ್ಟಿಸುತ್ತಿದ್ದವು. ಒಂದೇ ಕಚೇರಿಯ ಎಲ್ಲ ದೂರವಾಣಿ ಲೈನುಗಳನ್ನೂ ಒಟ್ಟಿಗೆ ಕಟ್ಟಿಹಾಕುತ್ತಿದ್ದವು. ಇಂದಿನ ಕಂಪನಿಗಳ ಬಳಿ ಗ್ರಾಹಕರ ಪಟ್ಟಿಯೇ ಇದೆ, ಹುಟ್ಟಿಸುವ ಅಗತ್ಯವಿಲ್ಲ. ಎಫ್‌ಸಿಸಿ 2015ರಲ್ಲಿ ಈ ವ್ಯಾಖ್ಯೆಯನ್ನು ಬಹಳ ಅಗಲಗೊಳಿಸಿದಾಗ, ಹಾಗಾದರೆ ಜೇಬಿನಲ್ಲಿರುವ ಪ್ರತಿ ಸ್ಮಾರ್ಟ್‌ಫೋನೂ ಡಯಲರ್ ಆಗಿಬಿಡುತ್ತದಲ್ಲ ಎಂದು ಕೇಳಿ ವಾಷಿಂಗ್ಟನ್ ಡಿ.ಸಿ.ಯ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅದನ್ನು ತಳ್ಳಿಹಾಕಿತು. ಫೇಸ್‌ಬುಕ್ ಕಳಿಸಿದ ಸುರಕ್ಷತಾ ಸಂದೇಶಗಳ ಮೊಕದ್ದಮೆಯಲ್ಲಿ 2021ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಕಿರಿದಾದ ಅರ್ಥವನ್ನೇ ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್. ಇದ್ದ ಪಟ್ಟಿಯಿಂದ ತಾನಾಗಿ ಸಂಖ್ಯೆ ಒತ್ತುವ ಬಹುಪಾಲು ಯಂತ್ರಗಳು ಆ ದಿನದಿಂದ ಡಯಲರ್ ವ್ಯಾಖ್ಯೆಯ ಹೊರಗೆ ನಿಂತವು. ಮುದ್ರಿತ ಮತ್ತು ಕೃತಕ ಧ್ವನಿಯ ಮೇಲಿನ ನಿರ್ಬಂಧ ಮಾತ್ರ ಮುಂಚಿನಂತೆಯೇ ಉಳಿದದ್ದು ಗ್ರಾಹಕರ ಅದೃಷ್ಟ.

ಕಿರುಸಂದೇಶವೂ ‘ಕರೆ’ಯೇ ಎಂದು ಒಂಬತ್ತನೇ ಸರ್ಕಿಟ್ ನ್ಯಾಯಾಲಯ 2009ರಲ್ಲಿ ಹೇಳಿತ್ತು; ಆ ಪ್ರಕರಣದ ಮೂಲ ಸ್ಟೀಫನ್ ಕಿಂಗ್ ಅವರ ಕಾದಂಬರಿಯೊಂದರ ಪ್ರಚಾರ ಸಂದೇಶ. ಸರ್ಕಾರಕ್ಕೆ ಬರಬೇಕಾದ ಸಾಲದ ವಸೂಲಿ ಕರೆಗಳಿಗೆ 2015ರಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು 2020ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕಿತ್ತುಹಾಕಿತು, ಉಳಿದ ಕಾಯ್ದೆಯನ್ನು ಹಾಗೆಯೇ ಇಟ್ಟಿತು. 2025ರ ಜೂನ್‌ನಲ್ಲಿ ಬಂದ ಇನ್ನೊಂದು ತೀರ್ಪಿನ ಪ್ರಕಾರ, ಕಾಯ್ದೆಗೆ ಎಫ್‌ಸಿಸಿ ಹೇಳುವ ಅರ್ಥಕ್ಕೆ ಜಿಲ್ಲಾ ನ್ಯಾಯಾಲಯಗಳು ಕಟ್ಟುಬೀಳಬೇಕಾಗಿಲ್ಲ. ಮೂವತ್ತು ವರ್ಷಗಳ ಆಯೋಗದ ಆದೇಶಗಳು ಇದರಿಂದ ಮತ್ತೆ ವಾದಕ್ಕೆ ತೆರೆದುಕೊಂಡಿವೆ.

ಸಾಗಿಸುವವರ ಹೊಣೆ

ಸುಳ್ಳು ಸಂಖ್ಯೆ ತೋರಿಸಿ ಮೋಸ ಮಾಡುವುದನ್ನು 2010ರ ಡಿಸೆಂಬರಿನಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆಯೊಂದು ಅಪರಾಧವೆಂದಿತು; 2018ರಲ್ಲಿ ಅದು ವಿದೇಶದಿಂದ ಬರುವ ಕರೆಗಳಿಗೂ ವಿಸ್ತರಿಸಿತು. ಆದರೆ ಮೋಸಗಾರ ಯಾರೆಂದೇ ತಿಳಿಯದಿದ್ದರೆ ಶಿಕ್ಷೆ ಯಾರಿಗೆ? ಒಂದು ಕರೆ ಐದಾರು ಕಂಪನಿಗಳ ಜಾಲಗಳನ್ನು ಹಾದು ಬರಬಹುದು. ಪ್ರತಿಯೊಂದಕ್ಕೂ ತನ್ನ ಹಿಂದಿನದು ಮಾತ್ರ ಗೊತ್ತು. ಈ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಹಿಂದಕ್ಕೆ ಹಿಡಿದು ಮೂಲ ಮುಟ್ಟುವ ಕೆಲಸಕ್ಕೆ ಕಂಪನಿಗಳ ಜಂಟಿ ತಂಡವೊಂದನ್ನು ಎಫ್‌ಸಿಸಿ 2020ರಲ್ಲಿ ಅಧಿಕೃತಗೊಳಿಸಿತು.

ಅದಕ್ಕೆ ಬುನಾದಿ 2019ರ ಡಿಸೆಂಬರ್ 30ರಂದು ಜಾರಿಗೆ ಬಂದ ಟ್ರೇಸ್ಡ್ ಕಾಯ್ದೆ. ರಿಪಬ್ಲಿಕನ್ ಪಕ್ಷದ ಜಾನ್ ತೂನ್ ಮತ್ತು ಡೆಮಾಕ್ರಟಿಕ್ ಪಕ್ಷದ ಎಡ್ ಮಾರ್ಕಿ ಸೆನೆಟ್‌ನಲ್ಲಿ ಇದನ್ನು ಒಟ್ಟಾಗಿ ಮಂಡಿಸಿದ್ದರು. ಯಾವುದರಲ್ಲೂ ಒಮ್ಮತವಿಲ್ಲದ ಕಾಲದಲ್ಲಿ ಕೆಳಮನೆ ಇದನ್ನು 417–3 ಮತಗಳಿಂದ ಒಪ್ಪಿತು. ಉದ್ದೇಶಪೂರ್ವಕ ಉಲ್ಲಂಘನೆಗೆ ಪ್ರತಿ ಕರೆಗೆ 10,000 ಡಾಲರಿನವರೆಗೆ ಹೆಚ್ಚುವರಿ ದಂಡ, ಕ್ರಮಕ್ಕೆ ನಾಲ್ಕು ವರ್ಷಗಳ ಕಾಲಾವಕಾಶ ಇವು ಅದರ ಒಂದು ಭಾಗ. ಮುಖ್ಯ ಭಾಗ ಬೇರೆ: ಕರೆಯ ಗುರುತನ್ನು ದೃಢಪಡಿಸುವ ‘ಸ್ಟರ್/ಶೇಕನ್’ ವ್ಯವಸ್ಥೆಯನ್ನು ಅದು ಕಡ್ಡಾಯ ಮಾಡಿತು. ಕರೆ ಹೊರಡುವ ಕಡೆಯ ಕಂಪನಿ ಅದಕ್ಕೊಂದು ಡಿಜಿಟಲ್ ಸಹಿ ಹಾಕುತ್ತದೆ. ಗ್ರಾಹಕರು ಯಾರೆಂದು ಗೊತ್ತು, ಆ ಸಂಖ್ಯೆಯನ್ನು ಬಳಸುವ ಹಕ್ಕೂ ಅವರಿಗಿದೆ ಎಂದಾದರೆ ‘ಎ’ ದರ್ಜೆ. ಗ್ರಾಹಕರು ಗೊತ್ತು, ಸಂಖ್ಯೆಯ ಬಗ್ಗೆ ಖಾತರಿ ಇಲ್ಲವೆಂದರೆ ‘ಬಿ’. ತನ್ನ ಬಾಗಿಲಿಗೆ ಕರೆ ಬಂತೆಂಬುದಷ್ಟೇ ತಿಳಿದಿದ್ದರೆ ‘ಸಿ’. ತಲುಪುವ ಕಡೆಯ ಕಂಪನಿ ಸಹಿಯನ್ನು ಪರಿಶೀಲಿಸುತ್ತದೆ. ದೊಡ್ಡ ಕಂಪನಿಗಳಿಗೆ ಗಡುವು 2021ರ ಜೂನ್ 30. ಅದೇ ಸೆಪ್ಟೆಂಬರಿನಿಂದ, ರೋಬೊಕಾಲ್ ತಡೆಗೆ ತಾವೇನು ಮಾಡುತ್ತಿದ್ದೇವೆಂದು ಆಯೋಗದ ದಾಖಲೆಯಲ್ಲಿ ಬರೆದುಕೊಡದ ಕಂಪನಿಗಳ ಕರೆಗಳನ್ನು ಬೇರೆ ಕಂಪನಿಗಳು ಸ್ವೀಕರಿಸುವಂತಿಲ್ಲ. ಈ ವ್ಯವಸ್ಥೆ ನಡೆಯುವುದು ಇಂಟರ್ನೆಟ್ ಆಧಾರಿತ ಜಾಲಗಳಲ್ಲಿ ಮಾತ್ರ. ದಾರಿಯಲ್ಲಿ ಹಳೆಯ ಸ್ವಿಚ್ಚೊಂದು ಎದುರಾದರೆ ಸಹಿ ಅಲ್ಲೇ ಉದುರಿಹೋಗುತ್ತದೆ.

ದಂಡಗಳ ಮೊತ್ತ ಪತ್ರಿಕೆಯ ತಲೆಬರಹಕ್ಕೆ ಹೇಳಿಮಾಡಿಸಿದಂತಿರುತ್ತದೆ. ಮೂರು ತಿಂಗಳಲ್ಲಿ 9.6 ಕೋಟಿ ಸುಳ್ಳು ಸಂಖ್ಯೆಯ ಕರೆಗಳಿಗಾಗಿ 2018ರಲ್ಲಿ 12 ಕೋಟಿ ಡಾಲರ್. ಕಾರಿನ ವಾರಂಟಿ ಹೆಸರಿನಲ್ಲಿ ಮೂರು ತಿಂಗಳಿಗೆ 500 ಕೋಟಿಗೂ ಹೆಚ್ಚು ಕರೆ ಮಾಡಿದ ಜಾಲಕ್ಕೆ 2023ರಲ್ಲಿ ಸುಮಾರು 30 ಕೋಟಿ ಡಾಲರ್. ಕೈಗೆ ಬಂದದ್ದೆಷ್ಟು? 2015ರಿಂದ ಎಫ್‌ಸಿಸಿ ವಿಧಿಸಿದ್ದ 20.8 ಕೋಟಿ ಡಾಲರ್ ದಂಡದಲ್ಲಿ ವಸೂಲಾದದ್ದು 6,790 ಡಾಲರ್ ಮಾತ್ರ ಎಂದು ವಾಲ್ ಸ್ಟ್ರೀಟ್ ಜರ್ನಲ್ 2019ರಲ್ಲಿ ವರದಿ ಮಾಡಿತು. ಆಯೋಗಕ್ಕೆ ತಾನೇ ವಸೂಲಿಗೆ ಇಳಿಯುವ ಅಧಿಕಾರವಿಲ್ಲ, ನ್ಯಾಯ ಇಲಾಖೆಗೆ ಒಪ್ಪಿಸಬೇಕು. ಅಷ್ಟರಲ್ಲಿ ಕಂಪನಿ ಹೆಸರು ಬದಲಿಸಿಕೊಂಡಿರುತ್ತದೆ, ಹಣ ಕರಗಿರುತ್ತದೆ. ದಂಡಕ್ಕಿಂತ ದಾರಿ ಮುಚ್ಚುವುದು ಮೇಲೆಂಬ ತಿಳಿವಳಿಕೆ ಗಟ್ಟಿಯಾದದ್ದು ಈ ಲೆಕ್ಕದಿಂದಲೇ.

ಈ ಕಥೆಯಲ್ಲಿ ಭಾರತವೂ ಬರುತ್ತದೆ, ಹೆಮ್ಮೆಪಡುವಂಥ ರೀತಿಯಲ್ಲಲ್ಲ. ಅಮೆರಿಕದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಂಡು ಬಂಧನದ ಬೆದರಿಕೆ ಹಾಕಿ ಹಣ ಕಿತ್ತ ಜಾಲವೊಂದರ ವಿರುದ್ಧ 2016ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಆರೋಪಪಟ್ಟಿ ಬಯಲುಮಾಡಿತು. ಅದರಲ್ಲಿ ಅಹಮದಾಬಾದಿನ ಐದು ಕಾಲ್ ಸೆಂಟರ್‌ಗಳಿದ್ದವು. ಅಮೆರಿಕಕ್ಕೆ ಹೊಸದಾಗಿ ವಲಸೆ ಹೋದವರೂ, ಅವರಲ್ಲಿ ಭಾರತೀಯರೂ, ಬಲಿಪಶುಗಳಾಗಿದ್ದರು. ವಿದೇಶದಿಂದ ಬರುವ ಕರೆಗಳನ್ನು ಒಳಗೆ ಬಿಟ್ಟುಕೊಂಡ ಅಮೆರಿಕದ ಸಣ್ಣ ಇಂಟರ್ನೆಟ್ ದೂರವಾಣಿ ಕಂಪನಿಗಳ ಮೇಲೆಯೇ ಆ ಇಲಾಖೆ 2020ರ ಜನವರಿಯಲ್ಲಿ ಮೊಕದ್ದಮೆ ಹೂಡಿದ್ದು ಹೊಸ ಹೆಜ್ಜೆಯಾಗಿತ್ತು.

ಕೃತಕ ಬುದ್ಧಿಮತ್ತೆಯ ಧ್ವನಿ

2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಗೆ ಎರಡು ದಿನ ಮುಂಚೆ, ಮತ ಹಾಕಲು ಬರಬೇಡಿ ಎನ್ನುವ ಕರೆಗಳು ಮತದಾರರಿಗೆ ಬಂದವು. ಧ್ವನಿ ಅಧ್ಯಕ್ಷ ಜೋ ಬೈಡನ್ ಅವರದೇ ಎನ್ನುವಂತಿತ್ತು. ತಯಾರಾಗಿದ್ದು ಕೃತಕ ಬುದ್ಧಿಮತ್ತೆಯಿಂದ. ಫೆಬ್ರವರಿ 8ರಂದೇ ಎಫ್‌ಸಿಸಿ, ಇಂಥ ಧ್ವನಿಯೂ 1991ರ ಕಾಯ್ದೆಯ ‘ಕೃತಕ ಧ್ವನಿ’ಯ ಅಡಿ ಬರುತ್ತದೆ ಎಂದು ಘೋಷಿಸಿತು. ಕರೆ ಮಾಡಿಸಿದ ರಾಜಕೀಯ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡ ಬಿತ್ತು. ಕರೆ ಸಾಗಿಸಿದ ಕಂಪನಿ 10 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅದು ಆ ಕರೆಗಳು ತೋರಿಸಿದ ಸುಳ್ಳು ಸಂಖ್ಯೆಗೆ ‘ಎ’ ದರ್ಜೆಯ ಸಹಿ ಹಾಕಿತ್ತು. ದೃಢೀಕರಣ ವ್ಯವಸ್ಥೆ ಸಹಿ ಹಾಕುವ ಕಂಪನಿಯ ಪ್ರಾಮಾಣಿಕತೆಯನ್ನು ಮೀರಿ ಭದ್ರವಾಗಲಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಜಾಲತಾಣದಲ್ಲಿ ಒಮ್ಮೆ ಕೊಟ್ಟ ಒಪ್ಪಿಗೆಯನ್ನು ನೂರಾರು ಕಂಪನಿಗಳಿಗೆ ಹಂಚುವ ಪದ್ಧತಿಯನ್ನು ತಡೆಯಲು, ಒಂದು ಒಪ್ಪಿಗೆ ಒಬ್ಬ ಮಾರಾಟಗಾರನಿಗೆ ಮಾತ್ರ ಎಂಬ ನಿಯಮವನ್ನೂ ಆಯೋಗ ಮಾಡಿತ್ತು. ಅದು ಜಾರಿಗೆ ಬರುವ ಮೊದಲೇ, 2025ರ ಜನವರಿಯಲ್ಲಿ, ಹನ್ನೊಂದನೇ ಸರ್ಕಿಟ್ ನ್ಯಾಯಾಲಯ ರದ್ದುಮಾಡಿತು.

ಇತರ ದೇಶಗಳು

ಐರೋಪ್ಯ ಒಕ್ಕೂಟ 2002ರ ನಿರ್ದೇಶನದಲ್ಲೇ ಯಂತ್ರದ ಮಾರಾಟ ಕರೆಗೆ ಮುಂಚಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿತ್ತು. ಬ್ರಿಟನ್ ಅದನ್ನು 2003ರ ನಿಯಮಗಳ ಮೂಲಕ ಜಾರಿಗೆ ತಂದಿತು. ದಂಡ ಬಿದ್ದೊಡನೆ ಕಂಪನಿ ಮುಚ್ಚಿ ಬೇರೆ ಹೆಸರಿನಲ್ಲಿ ತೆರೆಯುವ ನಿರ್ದೇಶಕರನ್ನು ಹಿಡಿಯಲು 2018ರಲ್ಲಿ ಅವರನ್ನೇ ವೈಯಕ್ತಿಕವಾಗಿ ಹೊಣೆಗಾರರನ್ನಾಗಿ ಮಾಡಿದ್ದು ಬ್ರಿಟನ್ನಿನ ಒಳ್ಳೆಯ ಕೊಡುಗೆ. ಆಸ್ಟ್ರೇಲಿಯ 2006ರಲ್ಲಿ ಕಾಯ್ದೆ ಮಾಡಿತು. ಕೆನಡಾದ ಪಟ್ಟಿ 2008ರಲ್ಲಿ, ಸಿಂಗಪುರದ್ದು 2014ರಲ್ಲಿ ಶುರುವಾದವು.

ಭಾರತ

ಭಾರತದಲ್ಲಿ ಈ ವಿಷಯ ಸಂಸತ್ತಿನಿಂದಲ್ಲ, ಸುಪ್ರೀಂ ಕೋರ್ಟಿಗೆ ಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ಶುರುವಾಯಿತು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2007ರಲ್ಲಿ ಮೊದಲ ನಿಯಮಾವಳಿಯನ್ನೂ ರಾಷ್ಟ್ರೀಯ ನಿರಾಕರಣೆ ಪಟ್ಟಿಯನ್ನೂ ತಂದಿತು. ಅದು ಹೆಚ್ಚು ಫಲ ಕೊಡಲಿಲ್ಲ. 2010ರ ಡಿಸೆಂಬರಿನಲ್ಲಿ ಹೊರಟ ಹೊಸ ನಿಯಮಾವಳಿ 2011ರ ಸೆಪ್ಟೆಂಬರ್ 27ರಿಂದ ಪೂರ್ತಿ ಜಾರಿಯಾಯಿತು. 1909ಕ್ಕೆ ಸಂದೇಶ ಕಳಿಸಿ ಎಲ್ಲ ವಾಣಿಜ್ಯ ಕರೆಗಳನ್ನೂ ತಡೆಯಬಹುದು, ಅಥವಾ ಬ್ಯಾಂಕಿಂಗ್, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ ಮುಂತಾದ ವಿಭಾಗಗಳಲ್ಲಿ ಬೇಕಾದವನ್ನು ಉಳಿಸಿಕೊಳ್ಳಬಹುದು. ನೋಂದಾಯಿತ ಟೆಲಿಮಾರ್ಕೆಟರ್‌ಗಳಿಗೆ 140ರಿಂದ ಶುರುವಾಗುವ ಸಂಖ್ಯೆ. ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಕರೆ ಇಲ್ಲ. ಸಿಮ್ ಒಂದಕ್ಕೆ ದಿನಕ್ಕೆ ಇಷ್ಟೇ ಎಸ್ಸೆಮ್ಮೆಸ್ ಎಂಬ ಮಿತಿಯೂ ಬಂತು: ಮೊದಲು 100, ಆಮೇಲೆ 200. ಮಾರಾಟಕ್ಕೆ ಸಂಬಂಧವಿಲ್ಲದ ಸಾಮಾನ್ಯರನ್ನೂ ಈ ಮಿತಿಗೆ ಒಳಪಡಿಸಿದ್ದನ್ನು ದೆಹಲಿ ಹೈಕೋರ್ಟ್ 2012ರಲ್ಲಿ ಒಪ್ಪಲಿಲ್ಲ.

2018ರ ಜುಲೈ 19ರ ನಿಯಮಾವಳಿ ಧೈರ್ಯದ ಪ್ರಯೋಗ. ವಾಣಿಜ್ಯ ಸಂದೇಶ ಕಳಿಸುವ ಪ್ರತಿ ಸಂಸ್ಥೆ, ಅದರ ಹೆಸರಿನ ಗುರುತು, ಸಂದೇಶದ ಪಡಿಯಚ್ಚು, ಗ್ರಾಹಕರ ಒಪ್ಪಿಗೆ ಎಲ್ಲವನ್ನೂ ಬ್ಲಾಕ್‌ಚೈನ್ ಮಾದರಿಯ ಹಂಚಿಕೆಯ ಖಾತಾಪುಸ್ತಕದಲ್ಲಿ ದಾಖಲಿಸಬೇಕು, ದಾಖಲೆಗೆ ಹೊಂದದ ಸಂದೇಶ ಜಾಲದಲ್ಲೇ ನಿಲ್ಲಬೇಕು. ಮೋಸದ ಸಂದೇಶಗಳನ್ನು ಕಂಪನಿಗಳು ತಡೆಯುತ್ತಿಲ್ಲವೆಂದು ಪೇಟಿಎಂ ನಡೆಸುವ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋದಾಗ, ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡುವಂತೆ 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ಹೇಳಿತು. ಮಾರ್ಚ್ 8ರಂದು ತಾಳೆ ನೋಡುವ ಕೆಲಸ ಶುರುವಾದೊಡನೆ ದೇಶದುದ್ದಕ್ಕೂ ಬ್ಯಾಂಕಿನ ಒಟಿಪಿಗಳೇ ನಿಂತುಹೋದವು, ಏಕೆಂದರೆ ಎಷ್ಟೋ ಸಂಸ್ಥೆಗಳು ತಮ್ಮ ಪಡಿಯಚ್ಚುಗಳನ್ನು ನೋಂದಾಯಿಸಿರಲಿಲ್ಲ. ಟ್ರಾಯ್ ಒಂದು ವಾರ ಅದನ್ನು ತಡೆಹಿಡಿಯಬೇಕಾಯಿತು.

ಸಂದೇಶಗಳ ಮಟ್ಟಿಗೆ ಈ ವ್ಯವಸ್ಥೆ ಕ್ರಮೇಣ ನೆಲೆಯೂರಿತು. ಕರೆಗಳ ಕಥೆ ಬೇರೆ. ಸಾಲ ಬೇಕಾ, ಸೈಟು ನೋಡ್ತೀರಾ ಎಂದು ಬರುವ ಕರೆಗಳು 140 ಸಂಖ್ಯೆಯಿಂದ ಬರಲೇ ಇಲ್ಲ. ಸಾಮಾನ್ಯ ಹತ್ತಂಕಿಯ ಸಂಖ್ಯೆಗಳಿಂದ ಬಂದವು. ನೋಂದಾಯಿಸದ ಇಂಥವರ ಎಲ್ಲ ಸಂಪರ್ಕಗಳನ್ನೂ ಕಡಿದು ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಿ ಎಂದು 2024ರ ಆಗಸ್ಟ್ 13ರಂದು ಟ್ರಾಯ್ ಆದೇಶಿಸಿದ ಮೂರೇ ವಾರಗಳಲ್ಲಿ 2.75 ಲಕ್ಷ ಸಂಪರ್ಕಗಳು ಕಡಿದವು, 50 ಸಂಸ್ಥೆಗಳು ಕಪ್ಪುಪಟ್ಟಿ ಸೇರಿದವು. ಮೊದಲೇ ಏಕೆ ಇದು ಆಗಲಿಲ್ಲ ಎಂಬ ಪ್ರಶ್ನೆ ಸಹಜ. ವಿದೇಶದಿಂದ ಬಂದರೂ +91 ಎಂದು ತೋರಿಸುವ ಸುಳ್ಳು ಕರೆಗಳನ್ನು ತಡೆಯಲು ಕೇಂದ್ರ ಸರ್ಕಾರ ಅದೇ ಅಕ್ಟೋಬರಿನಲ್ಲಿ ಪ್ರತ್ಯೇಕ ವ್ಯವಸ್ಥೆ ಶುರುಮಾಡಿತು. ಮೊದಲ 24 ಗಂಟೆಯಲ್ಲೇ ಅದು 1.35 ಕೋಟಿ ಕರೆಗಳನ್ನು ಗುರುತಿಸಿ ತಡೆಯಿತು.

2025ರ ಫೆಬ್ರವರಿ 12ರ ತಿದ್ದುಪಡಿ ರೋಬೊಕಾಲ್ ಮತ್ತು ಸ್ವಯಂಚಾಲಿತ ಡಯಲರ್‌ಗಳನ್ನು ಹೆಸರಿಟ್ಟೇ ನಿಯಂತ್ರಿಸಿತು: ಬಳಸುವವರು ದೂರಸಂಪರ್ಕ ಕಂಪನಿಗೆ ಮೊದಲೇ ತಿಳಿಸಬೇಕು. ಪ್ರಚಾರದ ಕರೆಗೆ 140, ಸೇವೆ ಮತ್ತು ವಹಿವಾಟಿನ ಕರೆಗೆ 1600 ಸರಣಿ. ಕ್ರಮ ಶುರುವಾಗಲು ಹಿಂದೆ 7 ದಿನದಲ್ಲಿ 10 ದೂರು ಬೇಕಿತ್ತು, ಈಗ 10 ದಿನದಲ್ಲಿ 5 ಸಾಕು. ದೂರುಗಳ ಲೆಕ್ಕವನ್ನು ತಪ್ಪಾಗಿ ಕೊಡುವ ಕಂಪನಿಗೆ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಆಮೇಲೆ ಪ್ರತಿ ಸಲವೂ 10 ಲಕ್ಷ ರೂಪಾಯಿ ದಂಡ. ಟ್ರಾಯ್ ನಿಯಮಗಳ ಹಿಂದೆ ಈಗ ಸಂಸತ್ತಿನ ಮಾತೂ ಇದೆ. 2023ರ ದೂರಸಂಪರ್ಕ ಕಾಯ್ದೆಯ 28ನೇ ಪ್ರಕರಣ ಮುಂಚಿತ ಒಪ್ಪಿಗೆ ಮತ್ತು ನಿರಾಕರಣೆ ಪಟ್ಟಿಯ ನಿಯಮ ರೂಪಿಸಲು ಕೇಂದ್ರಕ್ಕೆ ಅಧಿಕಾರ ಕೊಡುತ್ತದೆ. ಚುನಾವಣೆಯ ಹೊತ್ತಿನಲ್ಲಿ ಕರ್ನಾಟಕದ ಮತದಾರರಿಗೂ ಕನ್ನಡದಲ್ಲೇ ಬರುವ ಅಭ್ಯರ್ಥಿಗಳ ಮುದ್ರಿತ ಕರೆಗಳಿಗೆ ಬೇರೆ ದಾರಿ ಇದೆ: ಚುನಾವಣಾ ಆಯೋಗದ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಮುನ್ನೊಪ್ಪಿಗೆ.

ಅಮೆರಿಕದ ಕಾಯ್ದೆಗೂ ನಮ್ಮ ನಿಯಮಾವಳಿಗೂ ಇರುವ ದೊಡ್ಡ ಅಂತರ ಪರಿಹಾರದಲ್ಲಿ. ಇಲ್ಲಿ ಕರೆ ಸ್ವೀಕರಿಸಿದವರು ದೂರುದಾರರು ಮಾತ್ರ, ಹಕ್ಕುದಾರರಲ್ಲ; ಟ್ರಾಯ್ ವಿಧಿಸುವ ದಂಡದಲ್ಲಿ ಅವರಿಗೆ ಒಂದು ರೂಪಾಯಿಯೂ ಸೇರುವುದಿಲ್ಲ. ಕಂಪನಿಗಳನ್ನು ಎಚ್ಚರವಾಗಿಡುವ ಸಾವಿರಾರು ಸಣ್ಣ ದಾವೆಗಳ ಒತ್ತಡ ಇದರಿಂದಾಗಿ ಭಾರತದಲ್ಲಿ ಹುಟ್ಟಲೇ ಇಲ್ಲ. ಇನ್ನೊಂದು ಕೊರತೆ ಭಾಷೆಯದು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಂದ ಮುದ್ರಿತ ಧ್ವನಿ ‘ಒಂದು ಒತ್ತಿ’ ಎಂದಾಗ, ಅದು ಅರ್ಥವಾಗದೆ ಒತ್ತಿದ ಹಳ್ಳಿಯ ಹೆಂಗಸಿನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಎಣಿಸಬಾರದು. ಕೇಳುವವರ ಭಾಷೆಯಲ್ಲಿ ಕೇಳದ ಒಪ್ಪಿಗೆ ಅಸಿಂಧು ಎಂದು ನಿಯಮವೇ ಹೇಳುವುದು ನ್ಯಾಯ.

2025ರ ತಿದ್ದುಪಡಿಯ ನಂತರ, ನಿರಾಕರಣೆ ಪಟ್ಟಿಯಲ್ಲಿ ಹೆಸರಿಲ್ಲದವರೂ ನೋಂದಾಯಿಸದ ಮಾರಾಟಗಾರರ ಮೇಲೆ ದೂರು ಕೊಡಬಹುದು. ಕರೆ ಬಂದ ಸಂಖ್ಯೆ, ದಿನಾಂಕ ಮತ್ತು ಏನು ಹೇಳಿದರೆಂಬ ಚಿಕ್ಕ ವಿವರವಿದ್ದರೆ ಸಾಕು. 1909ರ ಮೂಲಕ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಸಲ್ಲಿಸಬಹುದು. ಹಿಂದೆ ಮೂರು ದಿನಗಳಿದ್ದ ಗಡುವು ಈಗ ಏಳು ದಿನ. ನೋಂದಾಯಿಸದ ಮಾರಾಟಗಾರರ ಮೇಲೆ ಕಂಪನಿ ಐದು ದಿನದೊಳಗೆ ಕ್ರಮ ಕೈಗೊಳ್ಳಬೇಕು. ಮೊದಲು ಅದಕ್ಕೆ ಮೂವತ್ತು ದಿನಗಳ ಸಮಯವಿತ್ತು.